ಪಕ್ಕದ ಮನೆ ಮಕ್ಕಳು ದಿನವಿಡೀ ಬೀಗದೊಳಗೆ, ನಾನೇನು ಮಾಡಲಿ?

ಕೇಳಿದವರು, ಬೆಂಗಳೂರಿನ ಹೊರವಲಯದ ಗೃಹಿಣಿ:
ನಮ್ಮ ವಠಾರಕ್ಕೆ ರಾಯಚೂರು ಕಡೆಯ ಸಂಸಾರ ಬಂದಿದೆ, ಕಟ್ಟಡದ ಕೆಲಸದವರು. ಬೆಳಗ್ಗೆ ಎಂಟಕ್ಕೆ ಗಂಡ ಹೆಂಡತಿ ಹೊರಟರೆ ಏಳು ವರ್ಷದ ಹುಡುಗಿ, ಮೂರು ವರ್ಷದ ತಮ್ಮ ಇಬ್ಬರೇ ಒಳಗೆ. ಹೊರಗಿಂದ ಬೀಗ. ಸಂಜೆ ತಾಯಿ ಬಂದ ಮೇಲೆ ಹೊಡೆತ, ಅಳು. ಮೊನ್ನೆ ಹುಡುಗನ ತೊಡೆ ಮೇಲೆ ಕಂದಿದ ಗುರುತು ನೋಡಿದೆ. ನಮ್ಮವರು "ಊರ ಉಸಾಬರಿ ನಮಗ್ಯಾಕೆ" ಅಂತಾರೆ. ಹೇಳಿದರೆ ಮಕ್ಕಳನ್ನ ತಾಯಿಯಿಂದ ಕಿತ್ತುಕೊಂಡು ಹೋಗ್ತಾರಾ ಅಂತ ನನಗೂ ಭಯ. ಅನುಭವ ಇದ್ದವರು ತಿಳಿಸಿ.

ಅಂಗನವಾಡಿ ಟೀಚರ್, ಕೊಪ್ಪಳ ಜಿಲ್ಲೆ:
ತಂಗಿ, ಮೊದಲು ಆ ತಾಯಿಯನ್ನ ಕರೆದು ಒಂದು ಕಪ್ ಚಹಾ ಕೊಡು. ಮಕ್ಕಳ ಮಾತು ಆಮೇಲೆ ತೆಗಿ.

ನನ್ನ ಅಂಗನವಾಡಿಯ ಒಂದು ಕೂಸಿನ ತೋಳು ಅಳೆದಾಗ ಪಟ್ಟಿ ಕೆಂಪಿಗೆ ಬಂತು, 11.5 ಸೆಂ.ಮೀ.ಗಿಂತ ಕಡಿಮೆ, ಅಂದರೆ ತೀವ್ರ ಅಪೌಷ್ಟಿಕತೆ. "ಆಕಿಗೆ ಮಕ್ಕಳ ಖಬರೇ ಇಲ್ಲ" ಅಂತ ಓಣಿಯೆಲ್ಲ ಆಡಿಕೊಂಡರು. ನಾನೂ ಮನೆಗೆ ಹೋಗಿ ಆ ತಾಯಿಗೆ ಬೈದು ಬಂದೆ. ಆ ಮಾತು ಈಗಲೂ ನನ್ನ ಎದೆಯಲ್ಲಿ ಚುಚ್ಚುತ್ತದೆ. ಎರಡನೇ ಸಲ ಹೋದಾಗ ಏನೂ ಕೇಳದೆ ಅವಳ ಜೊತೆ ಕೂತು ರೊಟ್ಟಿ ಬಡಿದೆ. ಆಗ ಬಾಯಿ ಬಿಟ್ಟಳು: "ಅಕ್ಕಾರ, ಹಡೆದಾಗಿಂದ ನನಗ ನಿದ್ದಿನೇ ಇಲ್ಲರಿ. ಕೂಸು ಅತ್ತರ ಎಲ್ಲೆರ ಓಡಿ ಹೋಗಬೇಕು ಅನಿಸ್ತೈತಿ." ಆಸ್ಪತ್ರೆಯಲ್ಲಿ ಹೆರಿಗೆಯಾದ ಮೇಲೆ 42 ದಿನದೊಳಗೆ ಆಶಾ ಕಾರ್ಯಕರ್ತೆ ಆರು ಸಲ ಮನೆಗೆ ಬಂದು ಕೂಸಿನ ತೂಕ ನೋಡಬೇಕು. ಕೂಸಿನ ತೂಕ ನಾವು ಬರೆದಿಟ್ಟಿದ್ದೆವು, ತಾಯಿಗೆ "ನೀ ಹೆಂಗದೀ" ಅಂತ ಯಾರೂ ಕೇಳಿರಲಿಲ್ಲ.

ಇಬ್ಬರನ್ನೂ ಪೌಷ್ಟಿಕ ಪುನಶ್ಚೇತನ ಕೇಂದ್ರಕ್ಕೆ ಸೇರಿಸಿದೆವು. 14 ದಿನ ಇದ್ದರು. ಅಲ್ಲಿದ್ದಷ್ಟು ದಿನ ತಾಯಿಗೆ ಕೂಲಿ ಭತ್ಯೆ ಸಿಗುತ್ತದೆ, ಇಲ್ಲದಿದ್ದರೆ ದುಡಿದು ತಿನ್ನುವವರು ಹೇಗೆ ನಿಲ್ಲುತ್ತಾರೆ? ಅವಳ ನಿದ್ದೆಗೆ, ಮನಸ್ಸಿಗೆ ಡಾಕ್ಟರು ಔಷಧಿ ಶುರು ಮಾಡಿದರು. ಅವಳು ಕೂಸನ್ನ ಹೊಡೆಯುತ್ತಿದ್ದದ್ದೂ ತಾನಾಗಿ ಕಡಿಮೆಯಾಯಿತು.

ನಿಮ್ಮಲ್ಲಿ ಹುಡುಗಿ ತಮ್ಮನ ಕಾವಲಿಗೇ ಶಾಲೆ ಬಿಟ್ಟಿರಬೇಕು. ಹುಡುಗನಿಗೆ ಅಂಗನವಾಡಿ ಆದರೆ ಅವಳೂ ಶಾಲೆಗೆ ಹೋಗ್ತಾಳೆ. ಬೇರೆ ಜಿಲ್ಲೆಯವರು ಅಂತ ಟೀಚರ್ ಬೇಡ ಅಂದರೆ ಮೇಲ್ವಿಚಾರಕಿಗೆ ಹೇಳು. ಇನ್ನೊಂದು, 50ಕ್ಕಿಂತ ಹೆಚ್ಚು ಹೆಂಗಸರು ದುಡಿಯುವ ಕಟ್ಟಡದ ಸೈಟಿನಲ್ಲಿ ಮಕ್ಕಳಿಗೆ ಕೋಣೆ ಇರಲೇಬೇಕು ಅಂತ 2025ರವರೆಗೆ ಜಾರಿಯಲ್ಲಿದ್ದ 1996ರ ಕಾಯ್ದೆಯಲ್ಲೇ ಇತ್ತು. ಹಳ್ಳಿಯಲ್ಲಾದರೆ ಉದ್ಯೋಗ ಖಾತ್ರಿ ಕೆಲಸದ ತಾಯಂದಿರಿಗೆ ಪಂಚಾಯ್ತಿಯ "ಕೂಸಿನ ಮನೆ" ಬಂದಿದೆ. ಬಿಟ್ಟು ಹೋಗಲು ಜಾಗ ಸಿಕ್ಕರೆ ಯಾವ ತಾಯಿಯೂ ಮಕ್ಕಳನ್ನ ಕೂಡಿಹಾಕಿ ಹೋಗಲ್ಲ.

ಮಕ್ಕಳ ವೈದ್ಯ, ಹುಬ್ಬಳ್ಳಿ:
ಗುರುತಿನ ಬಗ್ಗೆ ಎರಡು ಮಾತು. ಮೊಣಕಾಲು, ಮುಂಗಾಲು, ಹಣೆ ತರಚಿರೋದು ಆಟದ್ದು. ಕಿವಿ, ಕುತ್ತಿಗೆ, ಹೊಟ್ಟೆ, ಬೆನ್ನಿನ ಮೇಲೆ ಕಂದಿದ್ದರೆ, ಜೋಡಿ ಗೆರೆ ಮೂಡಿದ್ದರೆ ಅದು ಕೋಲು, ಬೆಲ್ಟಿನ ಏಟಿರಬಹುದು. ಇನ್ನೂ ಅಂಬೆಗಾಲಿಡದ ಕೂಸಿನ ಮೈಮೇಲೆ ಎಲ್ಲಿ ಕಂದಿದ್ದರೂ ಆ ದಿನವೇ ವೈದ್ಯರಿಗೆ ತೋರಿಸಿ. ಹುಟ್ಟಿನಿಂದ ಕುಂಡಿಯ ಮೇಲಿರುವ ನೀಲಿ ಮಚ್ಚೆಯನ್ನ ಏಟು ಅಂದುಕೊಳ್ಳಬೇಡಿ. ನಮ್ಮ ಕಡೆ ಕಾಮಾಲೆಗೆ ಹೊಟ್ಟೆ ಮೇಲೆ ಬರೆ ಹಾಕಿಸಿ ತರುವವರು ಇನ್ನೂ ಇದ್ದಾರೆ. ಪ್ರೀತಿಯಿಂದಲೇ ಮಾಡಿಸಿರುತ್ತಾರೆ, ಗಾಯ ಮಾತ್ರ ಗಾಯವೇ.

ಕೇಂದ್ರ ಸರ್ಕಾರ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 13 ರಾಜ್ಯಗಳ 12,447 ಮಕ್ಕಳನ್ನ ಮಾತಾಡಿಸಿದ್ದರು. ಮೂವರಲ್ಲಿ ಇಬ್ಬರು ಹೊಡೆತ ತಿಂದವರು. ಇಷ್ಟು ಮಕ್ಕಳನ್ನ ಕಾಡುವುದು ಒಂದು ಜ್ವರವಾಗಿದ್ದರೆ ನಾವು ಮನೆ ಮನೆಗೆ ಹೋಗುತ್ತಿದ್ದೆವು.

ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿದವರು, ಮೈಸೂರು:
ನಾನು ಮಾಡಿದ್ದೆ. ವಿಳಾಸ, ಮಗುವಿನ ವಯಸ್ಸು, ಈಗ ಅಪಾಯ ಇದೆಯಾ ಅಂತ ಕೇಳಿದರು. ನನ್ನ ಹೆಸರು ಆ ಮನೆಯವರಿಗೆ ಗೊತ್ತಾಗಲಿಲ್ಲ. ಬಂದವರು ತಂದೆ ತಾಯಿ ಜೊತೆ ಮಾತಾಡಿದರು, ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಕೂರಿಸಿದರು. ಮಗು ಮನೆಯಲ್ಲೇ ಉಳಿಯಿತು. 2015ರ ಬಾಲನ್ಯಾಯ ಕಾಯ್ದೆ ಪ್ರಕಾರ ಮಗುವನ್ನ ಸಂಸ್ಥೆಗೆ ಕಳಿಸೋದು ಕೊನೆಯ ದಾರಿ. ಆದರೆ ಲೈಂಗಿಕ ದೌರ್ಜನ್ಯದ ಅನುಮಾನ ಬಂದರೆ ಚಹಾ, ಮಾತುಕತೆ, ಹಿರಿಯರ ರಾಜಿ ಯಾವುದೂ ಬೇಡ. 1098 ಅಥವಾ ಪೊಲೀಸ್. ಗೊತ್ತಿದ್ದೂ ತಿಳಿಸದಿದ್ದರೆ 2012ರ ಪೋಕ್ಸೊ ಕಾಯ್ದೆಯಲ್ಲಿ ಅದೇ ಅಪರಾಧ.

ಕೇಳಿದವರು:
ನಿನ್ನೆ ಸಂಜೆ ಕರೆದೆ. ಚಹಾ ಆರಿಹೋಗುವಷ್ಟು ಹೊತ್ತು ಅತ್ತಳು. ಒಮ್ಮೆ ಸೈಟಿಗೆ ಕರೆದುಕೊಂಡು ಹೋಗಿದ್ದಾಗ ಹುಡುಗ ನೀರಿನ ತೊಟ್ಟಿಗೆ ಬಿದ್ದಿದ್ದನಂತೆ, ಅಂದಿನಿಂದ ಬೀಗ. ತೊಡೆಯ ಗುರುತು ತನ್ನ ಕೈಯದೇ ಅಂತ ಅವಳೇ ಒಪ್ಪಿಕೊಂಡಳು. ಸೋಮವಾರ ಅಂಗನವಾಡಿಗೆ ಇಬ್ಬರೂ ಹೋಗ್ತಿದ್ದೇವೆ, ಹಾಗೇ ಹುಡುಗನನ್ನ ಡಾಕ್ಟರಿಗೂ ತೋರಿಸ್ತೀವಿ. 1098 ಬರೆದಿಟ್ಟುಕೊಂಡಿದ್ದೇನೆ. ಇವತ್ತು ಬೆಳಗ್ಗೆ ಕೆಲಸಕ್ಕೆ ಹೊರಡುವಾಗ ಬೀಗದ ಕೈ ನನ್ನ ಹತ್ತಿರ ಕೊಟ್ಟು ಹೋದಳು. ಮಕ್ಕಳು ಈಗ ನಮ್ಮ ಮನೆಯಲ್ಲಿ ಊಟ ಮಾಡ್ತಿದ್ದಾರೆ.