ಕಬ್ಬಿನ ಗಾಡಿಯ ಎತ್ತುಗಳಿಗಾಗಿ ಏನು ಮಾಡಬಹುದು? ಅನುಭವ ಇದ್ದವರು ಹೇಳಿ

ಪ್ರಶ್ನೆ:
ನಮ್ಮದು ಮುಧೋಳದ ಕಡೆ ಊರು. ಕಬ್ಬಿನ ಹಂಗಾಮು ಶುರುವಾದರೆ ಮನೆ ಮುಂದೆಯೇ ಕಾರ್ಖಾನೆಗೆ ಹೋಗುವ ಗಾಡಿಗಳ ಸಾಲು. ಹೇರು ಎಷ್ಟಿರುತ್ತದೆ ಅಂದರೆ ಏರಿನಲ್ಲಿ ಎತ್ತುಗಳು ಮೊಣಕಾಲೂರುತ್ತವೆ. ಹೆಗಲಲ್ಲಿ ಹಸಿ ಹುಣ್ಣು ಇದ್ದರೂ ನೊಗ ತಪ್ಪಿದ್ದಲ್ಲ. ಕೇಳಿದರೆ ಗಾಡಿಯವರು "ಹೊಟ್ಟೆಪಾಡು ಅಕ್ಕಾ" ಅನ್ನುತ್ತಾರೆ. ದೂರು ಕೊಡಬೇಕಾ? ಕೊಟ್ಟರೆ ಆ ಬಡವರಿಗೇ ಪೆಟ್ಟಾಗುತ್ತದಾ?

ಉತ್ತರ, ಪಶು ಆಸ್ಪತ್ರೆಯಲ್ಲಿ ಕೆಲಸ ಮಾಡಿದವನು:
ಅಕ್ಕಾ, ಕಾನೂನು ನಿಮ್ಮ ಕಡೆಗಿದೆ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ ಮಿತಿಮೀರಿ ಹೇರುವುದು ಅಪರಾಧ. ಹುಣ್ಣಾದ ಎತ್ತನ್ನು ದುಡಿಸುವುದೂ ಅಪರಾಧ. ಗಾಡಿ ಹೊಡೆದವರಷ್ಟೇ ಅಲ್ಲ, ಹಾಗೆ ಮಾಡಲು ಬಿಟ್ಟ ಮಾಲೀಕರೂ ಹೊಣೆ. ಆದರೆ ಮೊದಲ ತಪ್ಪಿಗೆ ದಂಡ 10ರಿಂದ 50 ರೂಪಾಯಿ! ದಶಕಗಳ ಹಿಂದೆ ಬರೆದ ಮೊತ್ತ ಇದು. ಈ ದಂಡಕ್ಕೆ ಯಾರು ಹೆದರುತ್ತಾರೆ ಹೇಳಿ?

ಅದಕ್ಕೇ ನಾನು ಗಾಡಿ ಎಳೆಯುವ, ಹೊರೆ ಹೊರುವ ಪ್ರಾಣಿಗಳಿಗಾಗಿ ಮಾಡಿದ 1965ರ ನಿಯಮಗಳನ್ನು ಹಿಡಿದುಕೊಳ್ಳಿ ಅನ್ನುತ್ತೇನೆ. ದಿನಕ್ಕೆ ಒಟ್ಟು 9 ಗಂಟೆಗಿಂತ ಜಾಸ್ತಿ ಹೂಡುವಂತಿಲ್ಲ. ವಿಶ್ರಾಂತಿ ಇಲ್ಲದೆ ಸತತ 5 ಗಂಟೆ ದಾಟುವಂತಿಲ್ಲ. ಬಿಸಿಲು 37 ಡಿಗ್ರಿ ಮೀರುವ ಕಡೆ ಮಧ್ಯಾಹ್ನ 12ರಿಂದ 3ರವರೆಗೆ ನೊಗ ಕಟ್ಟುವಂತೆಯೇ ಇಲ್ಲ. ಗಾಡಿಯ ಬಗೆ, ಎತ್ತಿನ ಗಾತ್ರ ನೋಡಿ ಹೇರಿಗೂ ತೂಕದ ಮಿತಿ ಇದೆ.

ಹೇರು ಎಷ್ಟಿತ್ತು ಅನ್ನುವುದಕ್ಕೆ ಸಾಕ್ಷಿ ಎಲ್ಲಿದೆ ಗೊತ್ತಾ? ಕಾರ್ಖಾನೆಯ ತೂಕದ ಚೀಟಿಯಲ್ಲೇ. ಪ್ರತಿ ಗಾಡಿಯ ತೂಕ ಅಲ್ಲಿ ದಾಖಲಾಗುತ್ತದೆ. ಮಿತಿಮೀರಿದ ಗಾಡಿಯನ್ನು ಕಣ್ಣಾರೆ ಕಂಡೂ ಒಳಗೆ ಬಿಟ್ಟುಕೊಳ್ಳುವವರನ್ನು ಮೊದಲು ಪ್ರಶ್ನಿಸಬೇಕು.

ಉತ್ತರ, ಕಬ್ಬು ಬೆಳೆಗಾರ:
ಇವರ ಮಾತು ಸರಿ. ಗಾಡಿಯವರು ಎಷ್ಟೋ ಮಂದಿ ಮಹಾರಾಷ್ಟ್ರದ ಬೀಡ್ ಕಡೆಯಿಂದ ಮುಂಗಡ ತೆಗೆದುಕೊಂಡು ಬಂದವರು. ಕೂಲಿ ಟನ್ ಲೆಕ್ಕದಲ್ಲಿ. ಕಡಿಮೆ ಹೇರಿದರೆ ಸಾಲ ತೀರುವುದಿಲ್ಲ. ಎತ್ತು ಸತ್ತರೆ ಅವರ ಬದುಕೇ ಮುಳುಗುತ್ತದೆ, ಅದು ಅವರಿಗೂ ಗೊತ್ತು. ನಾವು ಕೆಲವು ರೈತರು ಸೇರಿ ಕಾರ್ಖಾನೆಗೆ ಅರ್ಜಿ ಕೊಟ್ಟೆವು: ಯಾರ್ಡ್‌ನಲ್ಲಿ ನೀರಿನ ತೊಟ್ಟಿ, ನೆರಳು, ಟ್ರ್ಯಾಕ್ಟರ್‌ಗಿಂತ ಮೊದಲು ಎತ್ತಿನ ಗಾಡಿಗೆ ತೂಕ. ತೊಟ್ಟಿ ಬಂತು, ಸಾಲೂ ಬೇರೆಯಾಯಿತು. ನೆರಳಿಗೆ ಇನ್ನೂ ಕೇಳುತ್ತಿದ್ದೇವೆ. ಮೊದಲೆಲ್ಲ ನೊಗ ಹೊತ್ತುಕೊಂಡೇ ಅರ್ಧ ದಿನ ನಿಲ್ಲುತ್ತಿದ್ದವು ಪಾಪ.

ಉತ್ತರ, ಚಿಕ್ಕೋಡಿಯಿಂದ:
ಹುಣ್ಣಿದ್ದರೆ 1962ಕ್ಕೆ ಫೋನ್ ಮಾಡಿ, ಅದು ಪಶು ಚಿಕಿತ್ಸೆಯ ಸಹಾಯವಾಣಿ. ಹಾಗಂತ ಮುಲಾಮು ಹಚ್ಚಿ ಮತ್ತೆ ಅದೇ ಜಾಗಕ್ಕೆ ನೊಗ ಇಟ್ಟರೆ ಏನೂ ಪ್ರಯೋಜನವಿಲ್ಲ, ಮಾಯುವವರೆಗೆ ಬಿಡುವು ಬೇಕು. ಲಾಳ ಸವೆದಿದೆಯಾ ಅಂತಲೂ ನೋಡಿ, ಡಾಂಬರು ರಸ್ತೆಯಲ್ಲಿ ಜಾರಲು ಅದೂ ಒಂದು ಕಾರಣ. ಇನ್ನೊಂದು, ಸಾಂಗ್ಲಿ ಜಿಲ್ಲೆಯ ಇಸ್ಲಾಂಪುರದ ಇಂಜಿನಿಯರಿಂಗ್ ವಿದ್ಯಾರ್ಥಿಗಳು 2022ರಲ್ಲಿ ನೊಗದ ಕೆಳಗೆ ಉರುಳುವ ಚಕ್ರ ಜೋಡಿಸಿ ತೋರಿಸಿದ್ದರು. ಹೆಗಲ ಭಾರ ಅದಕ್ಕೆ ಇಳಿಯುತ್ತದೆ. ಅಂಥದ್ದನ್ನು ಕಾರ್ಖಾನೆಯವರೇ ಮಾಡಿಸಿಕೊಡಲಿ ಎಂದು ಕೇಳುವುದರಲ್ಲಿ ತಪ್ಪೇನಿಲ್ಲ ಅಲ್ವಾ?

ಉತ್ತರ, ಒಬ್ಬ ವಕೀಲೆ:
"ಮನುಷ್ಯರಿಗೇ ಕಷ್ಟ, ಎತ್ತಿನ ಚಿಂತೆ ಯಾಕೆ" ಅನ್ನುವವರು ಸಿಗುತ್ತಾರೆ. ಅದನ್ನು ಒಪ್ಪಬೇಡಿ. ನೋವು ಎತ್ತಿಗೂ ನೋವೇ. ಪ್ರಾಣಿ ಯಾರ ವಶದಲ್ಲಿದೆಯೋ ಅವರು ಅದಕ್ಕೆ ಅನಗತ್ಯ ನೋವಾಗದಂತೆ ನೋಡಿಕೊಳ್ಳಬೇಕು ಎಂದು ಕಾಯ್ದೆಯ 3ನೇ ಸೆಕ್ಷನ್ನೇ ಹೇಳುತ್ತದೆ. ಒಬ್ಬ ಗಾಡಿಯವನ ಹೆಸರು ಹಿಡಿದು ದೂರು ಕೊಡುವ ಬದಲು ಜಿಲ್ಲಾ ಪ್ರಾಣಿ ದಯಾ ಸಂಘಕ್ಕೂ ಪಶುಪಾಲನಾ ಇಲಾಖೆಗೂ ಲಿಖಿತ ಅರ್ಜಿ ಕೊಡಿ. ಯಾರ್ಡ್‌ನ ಬಾಗಿಲಲ್ಲೇ ತೂಕದ ಮಿತಿ ಜಾರಿಯಾಗಲಿ ಎಂದು ಬರೆಯಿರಿ. ಗಾಡಿ, ಹೇರು, ಹುಣ್ಣಿನ ಫೋಟೋ ದಿನಾಂಕದ ಸಮೇತ ಲಗತ್ತಿಸಿ. ಸ್ವೀಕೃತಿ ಪಡೆಯದೆ ಕಚೇರಿಯಿಂದ ಹೊರಡಬೇಡಿ.