ಭಾವನಿಗೆ ತಲೆಪೆಟ್ಟು, ಸೋಡಿಯಂ 127 ಅಂತಾರೆ. ಎಳನೀರು ಕೊಡಬಹುದಾ?

ಪ್ರಶ್ನೆ (ಶಿರಸಿ ಕಡೆಯವರು)
ಕೊನೆ ಕೊಯ್ಯುವಾಗ ನಮ್ಮ ಭಾವ ಅಡಿಕೆ ಮರದಿಂದ ಬಿದ್ದರು. ಈಗ ಹುಬ್ಬಳ್ಳಿಯಲ್ಲಿ ವೆಂಟಿಲೇಟರ್ ಮೇಲಿದ್ದಾರೆ. ಬಿದ್ದ ದಿನ ಊರ ಡಾಕ್ಟರ ಹತ್ತಿರ ಗ್ಲೂಕೋಸ್ ಏರಿಸಿ ಅಂದೆವು. ಅವರು ಒಪ್ಪಲಿಲ್ಲ, ಸಲೈನ್ (ಉಪ್ಪುನೀರಿನ ಡ್ರಿಪ್) ಹಾಕಿ ಕಳಿಸಿದರು. ಇವತ್ತು ಸೋಡಿಯಂ, ಅಂದರೆ ರಕ್ತದ ಉಪ್ಪಿನಂಶ, 127ಕ್ಕೆ ಇಳಿದಿದೆ. ಮೂತ್ರದ ಚೀಲ ಮಾತ್ರ ತುಂಬುತ್ತಲೇ ಇದೆ. ಮೂಗಿನ ನಳಿಕೆಯಲ್ಲಿ ಸ್ವಲ್ಪ ಎಳನೀರು ಬಿಡಿ ಅಂತ ಅಕ್ಕ ಕೇಳಿದ್ದಕ್ಕೆ ಸಿಸ್ಟರ್ ಬೇಡ ಅಂದರು. ಉಪ್ಪು ಕಡಿಮೆಯಾದರೆ ಉಪ್ಪು ಕೊಟ್ಟರಾಯ್ತು ಅಲ್ವಾ? ಇಷ್ಟು ನಿಧಾನ ಯಾಕೆ?

ಉತ್ತರ (ಕುಮಟಾದವಳು, ಐಸಿಯು ನರ್ಸ್)
ಅಣ್ಣಾ, ನಿಮ್ಮ ಊರ ಡಾಕ್ಟರು ದೊಡ್ಡ ಉಪಕಾರ ಮಾಡಿದ್ದಾರೆ. ನಮ್ಮ ಕಡೆ ಯಾರಿಗೆ ಸುಸ್ತಾದರೂ ಗ್ಲೂಕೋಸ್ ಬೇಕು. ಆದರೆ 5% ಗ್ಲೂಕೋಸ್ ಬಾಟಲಿಯ ಸಕ್ಕರೆ ಮೈಯಲ್ಲಿ ಖರ್ಚಾದ ಮೇಲೆ ಉಳಿಯುವುದು ಬರೀ ನೀರು. ಅದು ಬಾತಿರುವ ಮಿದುಳಿಗೆ ಇಳಿಯುತ್ತದೆ. ಬುರುಡೆ ಹಿಗ್ಗುವುದಿಲ್ಲ, ಒಳಗೆ ಒತ್ತಡ ಏರುತ್ತದೆ. 0.9% ಸಲೈನ್‌ನಲ್ಲಿ ಲೀಟರಿಗೆ 154 ಸೋಡಿಯಂ ಇರುತ್ತದೆ, ಹಾಗಾಗಿ ಅದೇ ಸರಿ.

ರಕ್ತದಲ್ಲಿ ಸೋಡಿಯಂ 135ರಿಂದ 145 ಇರಬೇಕು. ಎಳನೀರಿನಲ್ಲಿ ಪೊಟ್ಯಾಸಿಯಂ ಜಾಸ್ತಿ, ಸೋಡಿಯಂ ತೀರಾ ಕಡಿಮೆ. ಪ್ರೀತಿಯಿಂದಲೂ ಕದ್ದು ಕೊಡಬೇಡಿ, ದಯವಿಟ್ಟು.

ಇನ್ನು ಆ ಮೂತ್ರದ ಚೀಲ. ನಾವು ಗಂಟೆಗೊಮ್ಮೆ ಅಳೆದು ಬರೆಯುತ್ತೇವೆ, ಬಣ್ಣವನ್ನೂ ನೋಡುತ್ತೇವೆ. ತಲೆಪೆಟ್ಟಾದಾಗ ಕೆಲವರಲ್ಲಿ ಕಿಡ್ನಿ ಉಪ್ಪನ್ನೂ ನೀರನ್ನೂ ಒಟ್ಟಿಗೆ ಹೊರಗೆ ಬಿಡುತ್ತದೆ. ಅವರಿಗೆ ಎರಡನ್ನೂ ತುಂಬಬೇಕು. ಇನ್ನು ಕೆಲವರಲ್ಲಿ ಮೈ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ, ಉಪ್ಪು ತೆಳುವಾಗುತ್ತದೆ. ಎರಡರಲ್ಲೂ ರಿಪೋರ್ಟ್ ಒಂದೇ, ಸೋಡಿಯಂ ಕಡಿಮೆ. ಮದ್ದು ಮಾತ್ರ ಬೇರೆ. ಮೂತ್ರ ನೀರಿನಂತೆ ತಿಳಿಯಾಗಿ ಹರಿದು ಸೋಡಿಯಂ ಏರುತ್ತಿದ್ದರೆ ಅದು ಮೂರನೇ ತೊಂದರೆ, ಅದಕ್ಕೆ ಮೂತ್ರ ಕಡಿಮೆ ಮಾಡುವ ಡೆಸ್ಮೋಪ್ರೆಸಿನ್ ಅನ್ನೋ ಮದ್ದು ಕೊಡುತ್ತಾರೆ.

ನಿಧಾನ ಯಾಕೆ ಅಂದರೆ, ದಿನಗಟ್ಟಲೆ ಇಳಿದಿದ್ದ ಸೋಡಿಯಂ ಒಮ್ಮೆಲೇ ಏರಿದರೆ ಮಿದುಳಿನ ನರಗಳ ಹೊದಿಕೆಯೇ ಹಾಳಾಗಬಹುದು. ಮಾತು, ಕೈಕಾಲು ಹೋಗಬಹುದು. ಅದಕ್ಕೇ 24 ಗಂಟೆಯಲ್ಲಿ 8–10ಕ್ಕಿಂತ ಜಾಸ್ತಿ ಏರದಂತೆ ನೋಡುತ್ತಾರೆ. ಫಿಟ್ಸ್ ಬಂದರೆ ಅಥವಾ ಮಿದುಳಿನ ಒತ್ತಡ ಏರಿದರೆ 3% ಸಲೈನ್ ಬೇಗ ಕೊಡುತ್ತಾರೆ, ಅದು ಜೀವ ಉಳಿಸುವ ಹೊತ್ತು.

ಉತ್ತರ (ಅಂಕೋಲಾ, ಆಂಬುಲೆನ್ಸ್‌ನಲ್ಲಿ ಕೆಲಸ)
ಸಿಸ್ಟರ್ ಹೇಳಿದ್ದು ಸರಿ. ಒಂದು ಸೇರಿಸುತ್ತೇನೆ. ಮೊದಲೆಲ್ಲ ಮಿದುಳು ಬಾತುಕೊಳ್ಳಬಾರದು ಅಂತ ನೀರನ್ನೇ ಕಡಿಮೆ ಮಾಡುತ್ತಿದ್ದರು. ಈಗ ಹಾಗಿಲ್ಲ. ಬಿಪಿ ಬಿದ್ದರೆ ಮಿದುಳಿಗೆ ರಕ್ತ ಸಾಲುವುದಿಲ್ಲ. 15ರಿಂದ 49 ವಯಸ್ಸಿನವರಿಗೆ ಮೇಲಿನ ಬಿಪಿ 110ಕ್ಕಿಂತ ಕೆಳಗೆ ಇಳಿಯಬಾರದು. ಘಟ್ಟದ ತಿರುವುಗಳಲ್ಲೂ ನಮ್ಮ ಕಣ್ಣು ಅದರ ಮೇಲೇ ಇರುತ್ತದೆ.

ಪ್ರಶ್ನೆ ಕೇಳಿದವರು
ಅಕ್ಕನಿಗೆ ಓದಿ ಹೇಳಿದೆ. ಎಳನೀರಿನ ಮಾತು ಬಿಟ್ಟಳು. ನಾಳೆ ಡಾಕ್ಟರ ಹತ್ತಿರ ಏನು ಕೇಳಲಿ?

ಕುಮಟಾದವಳು
ಉಪ್ಪು ಹೊರಗೆ ಹೋಗುತ್ತಿದೆಯೋ, ನೀರು ನಿಂತಿದೆಯೋ ಅಂತ ಕೇಳಿ. ಮುಂದಿನ ಸೋಡಿಯಂ ಟೆಸ್ಟ್ ಎಷ್ಟು ಹೊತ್ತಿಗೆ ಅಂತಲೂ ಕೇಳಿ. ಮುಂಚೆ ಬಿಪಿ, ಸಕ್ಕರೆ ಮಾತ್ರೆ ತಗೊಳ್ತಿದ್ದರೆ ಆ ಚೀಟಿ ತಗೊಂಡು ಹೋಗಿ. ಕೆಲವು ಬಿಪಿ ಮಾತ್ರೆಗಳೂ ಸೋಡಿಯಂ ಇಳಿಸುತ್ತವೆ.