ಟ್ಯೂಬ್‌ಲೈಟಲ್ಲಿ ವಿಡಿಯೊ ತುಂಬ ಪಟ್ಟಿ, ಮಾತೂ ಕೇಳಲ್ಲ: ಕ್ಯಾಮೆರಾ ಬದಲಿಸಬೇಕಾ?

ಮೂರನೇಸೆಮ್:
ಕೆ.ಆರ್. ಮಾರ್ಕೆಟ್ ಹೂವಿನವರ ಮೇಲೆ 12 ನಿಮಿಷದ ಡಾಕ್ಯುಮೆಂಟರಿ, ಕಾಲೇಜಿನ ಪ್ರಾಜೆಕ್ಟು. ಈಗಿರೋದು ಎರವಲು ತಂದ ಡಿಎಸ್‌ಎಲ್‌ಆರ್. ಸೆಕೆಂಡಿಗೆ 30 ಫ್ರೇಮ್, ಶಟರ್ 1/60 ಸೆಕೆಂಡ್. ಟ್ಯೂಬ್‌ಲೈಟ್ ಕೆಳಗೆ ತೆಗೆದದ್ದರಲ್ಲೆಲ್ಲ ಕಪ್ಪು ಪಟ್ಟಿ ಹರಿಯುತ್ತೆ. ಕಾಲರ್ ಮೈಕ್ ಹಾಕಿದ್ರೂ ಬರೀ ಗುಂಯ್ ಅನ್ನುತ್ತೆ. ನಾಲ್ಕು ಜನ ಸೇರಿ 70 ಸಾವಿರ ಹೊಂದಿಸಿದ್ದೀವಿ. ಯಾವ ಕ್ಯಾಮೆರಾ ತಗೊಳ್ಳೋದು?

ಟ್ರೈಪಾಡ್:
ದುಡ್ಡು ಸದ್ಯಕ್ಕೆ ಜೇಬಲ್ಲೇ ಇರಲಿ, ಮೊದಲು ಶಟರ್ ಸರಿಮಾಡಿ. ನಮ್ಮ ಕರೆಂಟು 50 ಹರ್ಟ್ಸ್, ಹಾಗಾಗಿ ದೀಪ ಸೆಕೆಂಡಿಗೆ 100 ಸಲ ಮಿನುಗುತ್ತೆ. ಕ್ಯಾಮೆರಾದ ಸೆನ್ಸರ್ (ಬೆಳಕು ಹಿಡಿಯೋ ಚಿಪ್) ಚಿತ್ರವನ್ನ ಸಾಲು ಸಾಲಾಗಿ ಓದುತ್ತೆ. 1/60ರಲ್ಲಿ ಪ್ರತಿ ಸಾಲಿಗೆ ಸಿಗೋದು ಒಂದೂವರೆ ಚಿಲ್ಲರೆ ಮಿನುಗು. ಒಂದು ಸಾಲಿಗೆ ಬೆಳಕಿನ ಪಾಲು ಹೆಚ್ಚು, ಇನ್ನೊಂದಕ್ಕೆ ಕಮ್ಮಿ, ಅದೇ ಪಟ್ಟಿ. 1/50 ಇಟ್ರೆ ಎಲ್ಲಾ ಸಾಲಿಗೂ ಸರಿಯಾಗಿ ಎರಡು ಮಿನುಗು, 1/100 ಇಟ್ರೆ ಒಂದು. ಮೆನುವಲ್ಲಿ ಎನ್‌ಟಿಎಸ್‌ಸಿ (60 ಹರ್ಟ್ಸ್ ಕರೆಂಟಿನ ವಿಡಿಯೊ ಪದ್ಧತಿ) ಬಿಟ್ಟು ಪಾಲ್ (50 ಹರ್ಟ್ಸಿನದು) ಮಾಡಿ, 25 ಫ್ರೇಮ್, ಮ್ಯಾನುಯಲ್ ಶಟರ್ 1/50. ಪಾಲ್‌ಗೆ ಹೋಗುವಾಗ ಕೆಲವು ಕ್ಯಾಮೆರಾ ಕಾರ್ಡ್ ಫಾರ್ಮ್ಯಾಟ್ ಕೇಳುತ್ತೆ, ಕಾಪಿ ಮಾಡ್ಕೊಂಡೇ ಒತ್ತಿ. ಅಗ್ಗದ ಎಲ್‌ಇಡಿ ಕೆಲವು ಬೇರೆ ಲೆಕ್ಕದಲ್ಲಿ ಮಿನುಗುತ್ತವೆ. ಅಲ್ಲಿ ದೀಪ ಬದಲಿಸೋದೇ ದಾರಿ.

ಸೌಂಡ್‌ರೋಲಿಂಗ್:
ಮೈಕಿನ ಪಿನ್ ನೋಡಿ, ಎಷ್ಟು ಕಪ್ಪು ಗೆರೆ? ಮೂರಿದ್ರೆ ಅದು ಫೋನಿನ ಮೈಕು (ಟಿಆರ್‌ಆರ್‌ಎಸ್). ಕ್ಯಾಮೆರಾ ಕೇಳೋದು ಎರಡು ಗೆರೆಯ ಟಿಆರ್‌ಎಸ್. ಎಸ್.ಪಿ. ರೋಡಲ್ಲಿ ಅಡಾಪ್ಟರ್ ಸಿಗುತ್ತೆ, ಆದ್ರೆ ಉಲ್ಟಾ ಇರೋದೂ ಅದೇ ಡಬ್ಬಿಯಲ್ಲಿ ಇರುತ್ತೆ: ಹೆಣ್ಣು ತುದಿಗೆ ನಿಮ್ಮ ಮೈಕ್ ಹೋಗಬೇಕು, ಗಂಡು ತುದಿಯಲ್ಲಿ ಎರಡೇ ಗೆರೆ ಇರಬೇಕು. ಕ್ಯಾಮೆರಾದಲ್ಲಿ ಆಟೊ ಲೆವೆಲ್ (ಸದ್ದನ್ನ ತಾನೇ ಏರಿಸಿ ಇಳಿಸೋದು) ಆಫ್ ಮಾಡಿ. ಇಲ್ಲಾಂದ್ರೆ ಹೂವಮ್ಮ ಮಾತು ನಿಲ್ಲಿಸಿದ ಕೂಡಲೇ ಕ್ಯಾಮೆರಾ ಮಾರ್ಕೆಟ್ ಗದ್ದಲವನ್ನ ಎತ್ತಿ ಕೊಡುತ್ತೆ. ಜೋರು ಮಾತು ಕ್ಯಾಮೆರಾದ ಧ್ವನಿ ಮೀಟರಲ್ಲಿ ಮೈನಸ್ 12 ಡಿಬಿ ಸುತ್ತ ಇರಲಿ. ಮೈಕ್ ಗದ್ದದಿಂದ ಒಂದು ಗೇಣು ಕೆಳಗೆ, ಸೆರಗು ಉಜ್ಜದ ಜಾಗದಲ್ಲಿ.

ಮೂರನೇಸೆಮ್:
ಮೂರು ಗೆರೆ ಇದೆ ಸರ್! ಆದ್ರೆ ಈ ಕ್ಯಾಮೆರಾ ಮುಂದಿನ ವಾರ ವಾಪಸ್ ಕೊಡ್ಬೇಕು.

ಟ್ರೈಪಾಡ್:
ಹಾಗಾದ್ರೆ ಮೊದಲು ಹೆಡ್‌ಫೋನ್ ಜ್ಯಾಕ್ (ರೆಕಾರ್ಡ್ ಆಗೋ ಸದ್ದನ್ನ ಅಲ್ಲೇ ಕೇಳಕ್ಕೆ) ಇದೆಯಾ ನೋಡಿ, ಮೆಗಾಪಿಕ್ಸೆಲ್ ಆಮೇಲೆ. ಸೋನಿ ಜಡ್‌ವಿ-ಇ10ರಲ್ಲಿ ಮೈಕ್, ಹೆಡ್‌ಫೋನ್ ಎರಡೂ ಇವೆ. ಪ್ಯಾನಾಸೋನಿಕ್ ಜಿ7, ಕ್ಯಾನನ್ ಎಂ50ಯಲ್ಲಿ ಮೈಕ್ ಮಾತ್ರ. ಎಂ50ಯ 4ಕೆ ನಂಬಿ ತಗೋಬೇಡಿ, ಚಿತ್ರದ ಅಂಚು ಕತ್ತರಿಸುತ್ತೆ, ಡ್ಯುಯಲ್ ಪಿಕ್ಸೆಲ್ ಅನ್ನೋ ಕ್ಯಾನನ್‌ನ ಆಟೊ ಫೋಕಸ್ಸೂ ಅದರಲ್ಲಿ ಕೆಲಸ ಮಾಡಲ್ಲ. ಜಡ್‌ವಿ-ಇ10ಗೂ ಕೊರತೆ ಇದೆ: ಬಾಡಿಯೊಳಗೆ ಸ್ಟೆಬಿಲೈಸರ್ (ಕೈ ನಡುಕ ಸರಿದೂಗಿಸೋದು) ಇಲ್ಲ, ಮಾನೊಪಾಡ್ (ಒಂಟಿ ಕಾಲಿನ ಸ್ಟ್ಯಾಂಡ್) ಬೇಕು. 4ಕೆಯಲ್ಲಿ ಬಿಸಿಯಾಗಿ ನಿಲ್ಲುತ್ತೆ, ಆಟೊ ಪವರ್ ಆಫ್ ಟೆಂಪರೇಚರ್ ಅನ್ನ ಹೈಗೆ ಇಡಿ. 100 ಎಂಬಿಪಿಎಸ್‌ನಲ್ಲಿ (ಸೆಕೆಂಡಿಗೆ 100 ಮೆಗಾಬಿಟ್) ಗಂಟೆಗೆ 45 ಜಿಬಿ ಹೋಗುತ್ತೆ, ಯು3 (ಬರೆಯೋ ವೇಗದ ದರ್ಜೆ) ಕಾರ್ಡೇ ಬೇಕು. ನಕಲಿ ಕಾರ್ಡ್ ಬಹಳ, ತಂದ ದಿನವೇ ಕಾರ್ಡ್ ಪರೀಕ್ಷಿಸೋ ಪ್ರೋಗ್ರಾಂ ಎಚ್2ಟೆಸ್ಟ್‌ಡಬ್ಲ್ಯೂ ಓಡಿಸಿ. ಸೆಕೆಂಡ್ ಹ್ಯಾಂಡ್ ಕ್ಯಾಮೆರಾ ಆದ್ರೂ ಪರವಾಗಿಲ್ಲ. ಮೈಕ್ ಜ್ಯಾಕ್ ಅಲ್ಲಾಡಿಸುತ್ತಾ ರೆಕಾರ್ಡ್ ಮಾಡಿ, ಕರಕರ ಬಂದ್ರೆ ಬಿಡಿ.

ಸೌಂಡ್‌ರೋಲಿಂಗ್:
ಶೂಟಿಂಗ್ ನಾಲ್ಕೇ ದಿನ ಆದ್ರೆ ಬಾಡಿಗೆಗೆ ತಗೊಳ್ಳಿ, ಉಳಿದ ದುಡ್ಡಲ್ಲಿ ಧ್ವನಿಗೇ ಬೇರೆ ರೆಕಾರ್ಡರ್ ಬರುತ್ತೆ. ಆಗ ಪ್ರತಿ ಟೇಕಿಗೂ ಕ್ಯಾಮೆರಾ ಎದುರು ಒಂದು ಚಪ್ಪಾಳೆ, ಕ್ಯಾಮೆರಾದ ಸ್ವಂತ ಮೈಕ್ ಆನ್. ಅದಿಲ್ಲದೆ ಎಡಿಟಿಂಗಲ್ಲಿ ತುಟಿ, ಮಾತು ಕೂಡಿಸಕ್ಕೆ ಗುರುತೇ ಸಿಗಲ್ಲ.